ಹಡಗನ್ನು ಎಲ್ಲಿ ಕಟ್ಟಿಹಾಕುತ್ತಾರೆ

ಕತ್ತಲಾದ ಮೇಲೆ ಹಡಗನ್ನು ಎಲ್ಲಿ ಕಟ್ಟಿಹಾಕುತ್ತಾರೆ? ನೆನ್ನೆ ಊಟದ ಹೊತ್ತಿನಲ್ಲಿ ಚಲುವಮ್ಮ ಇದನ್ನು ಕೇಳಿದ್ದಳು. ಕೇಳಿದ್ದು ಗಂಡನನ್ನಲ್ಲ, ಗೋಡೆಗೊರಗಿ ಕಾಲು ಚಾಚಿ ಕೂತಿದ್ದ ಚೌಡಯ್ಯನನ್ನು. ಈಗ ಆಲೆಮನೆಯ ಒಲೆಯ ಮುಂದೆ, ಕುದಿಯುವ ಕಬ್ಬಿನ ಹಾಲಿನ ಮೇಲಿಂದ ನೊರೆ ತೆಗೆಯುತ್ತ ನಿಂತ ಅಂಕಯ್ಯನ ತಲೆಯೊಳಗೆ ಬೇರೆ ಏನೂ ಇಳಿಯುತ್ತಿರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷ. ಬೆಸಗರಹಳ್ಳಿಯಲ್ಲಿ ಅವನನ್ನು ಪ್ರಶ್ನೆ ಕೇಳದವರಿಲ್ಲ. ಮದ್ದೂರು ಸಂತೆಗೆ ಹೋದರೆ ಎಲೆ ಅಡಿಕೆ ಮಾರುವವಳೂ ನಿಲ್ಲಿಸಿ, ಜರ್ಮನಿಯ ದೊರೆ ನಿಜವಾಗಿ ಸತ್ತನೋ ಇಲ್ಲ ಎಲ್ಲಾದರೂ ಅವಿತಿದ್ದಾನೋ ಎಂದು ಕೇಳುತ್ತಾಳೆ. ಕಟ್ಟಿಕೊಂಡವಳು ಮಾತ್ರ ಈ ಲೋಕದ ಬಗ್ಗೆ ಒಂದೇ ಒಂದು ಪ್ರಶ್ನೆಯನ್ನು ಅವನಿಗೆ ಕೇಳಿದವಳಲ್ಲ. ಅವಳಿಗೆ ಅದೆಲ್ಲ ಬೇಕಿಲ್ಲ, ಪಾಪ, ಹಸು ಕರು ಮನೆ ಅಷ್ಟೇ, ಎಂದು ಅವನು ಸಮಾಧಾನ ಮಾಡಿಕೊಂಡಿದ್ದ. ಬೇಕಿತ್ತು ಅನ್ನುವುದು ನೆನ್ನೆ ಗೊತ್ತಾಯಿತು. ಒಳಗೇ ಇಟ್ಟುಕೊಂಡಿದ್ದಳು, ಇನ್ನೊಬ್ಬ ಬರಲಿ ಅಂತ.

ಹಡಗಿನ ವಿಷಯ ಅಂಕಯ್ಯನಿಗೆ ಗೊತ್ತಿರಲಿಲ್ಲವೇ? ವಾಸ್ಕೋ ಡ ಗಾಮ ಆಫ್ರಿಕದ ತುದಿ ಸುತ್ತಿ ಕಲ್ಲಿಕೋಟೆಗೆ ಬಂದದ್ದನ್ನು ಇದೇ ಆಲೆಮನೆಯಲ್ಲಿ ಎಷ್ಟು ಸಲ ಹೇಳಿಲ್ಲ! ಲೋವರ್ ಸೆಕೆಂಡರಿಗೆ ಓದು ನಿಂತರೂ ಚರಿತ್ರೆ ನಿಂತಿರಲಿಲ್ಲ. ಮೈಸೂರಿನ ಮಾರುಕಟ್ಟೆಯ ಬೀದಿಯಲ್ಲಿ ಗೋಣಿಯ ಮೇಲೆ ಹರಡಿದ್ದ ಹಳೇ ಪುಸ್ತಕಗಳಲ್ಲಿ ರಟ್ಟು ಕಿತ್ತುಹೋದ ಎರಡನ್ನು ತಂದು, ಇಂಗ್ಲಿಷು ಅರ್ಥವಾಗದ ಕಡೆ ಮದ್ದೂರಿನ ಸ್ಟೇಷನ್ ಮಾಸ್ತರರನ್ನು ಕಾಡಿಸಿ ಬೇಡಿ ಓದಿದವನು ಅವನು. ಸುಗ್ಗಿಯಲ್ಲಿ ಕಬ್ಬು ಅರೆಯುವವರು, ಗಾಡಿಯವರು, ಸುಮ್ಮನೆ ಬೆಲ್ಲದ ವಾಸನೆಗೆ ಬಂದವರು ಎಲ್ಲ ಒಲೆಯ ಸುತ್ತ ಕೂತರೆ ಪ್ರಶ್ನೆಗಳು ತಾವಾಗಿಯೇ ಬರುತ್ತಿದ್ದವು. ಚೀನಾದವರು ಅಷ್ಟುದ್ದ ಗೋಡೆ ಹಾಕಿದರಲ್ಲ, ಅಕ್ಕಪಕ್ಕದ ಹೊಲದವರು ತಕರಾರು ತೆಗೆಯಲಿಲ್ಲವೇ? ಸಾಕ್ರೆಟಿಸನಿಗೆ ವಿಷ ಕುಡಿಸುವಾಗ ಅವನ ಅಣ್ಣತಮ್ಮಂದಿರು ಏನು ಮಾಡುತ್ತಿದ್ದರು? ಶಿವಪುರದಲ್ಲಿ ಸರ್ಕಾರದ ತಡೆ ಮೀರಿ ಬಾವುಟ ಏರಿಸಿದ ವರ್ಷ ಅಲ್ಲಿಗೆ ಹೋಗಿ, ಜನಸಾಗರದಲ್ಲಿ ನುಗ್ಗಿ, ಒಂದು ಚಪ್ಪಲಿ ಕಳೆದುಕೊಂಡು ಬಂದವನು, ಫ್ರಾನ್ಸಿನಲ್ಲಿ ಜನ ಸೆರೆಮನೆ ಒಡೆದದ್ದೂ ಹೀಗೇ ಎಂದು ಒಂದು ವಾರ ಹೇಳಿದ್ದ. ಕೇಳುವಾಗ ಒಬ್ಬೊಬ್ಬರ ಬಾಯೂ ತೆರೆದಿರುತ್ತಿತ್ತು. ಗೊತ್ತಿಲ್ಲ ಎಂದು ಅಂಕಯ್ಯ ಯಾವತ್ತೂ ಹೇಳಿದವನಲ್ಲ. ಗೊತ್ತಿಲ್ಲದ ಕಡೆ ಸ್ವಲ್ಪ ಹೊತ್ತು ನೊರೆ ತೆಗೆಯುತ್ತಿದ್ದ, ಅಷ್ಟರಲ್ಲಿ ಏನಾದರೂ ಹೊಳೆಯುತ್ತಿತ್ತು.

ಈ ಚೌಡಯ್ಯ ಚಲುವಮ್ಮನ ಸೋದರಮಾವನ ಮಗ, ಪೂರಿಗಾಲಿಯವನು. ಅವಳು ತೊಟ್ಟಿಲಲ್ಲಿದ್ದಾಗಲೇ ಅವನಿಗೆ ಎಂದು ಗೊತ್ತು ಮಾಡಿದ್ದರಂತೆ. ಗದ್ದೆಯ ಬದುವಿಗೆ ಜಗಳವಾಗಿ ಎರಡು ಮನೆಗೂ ಮಾತು ನಿಂತು, ಹುಡುಗಿ ಬೆಸಗರಹಳ್ಳಿಗೆ ಬಂದಳು. ಚೌಡಯ್ಯ ಯುದ್ಧ ಶುರುವಾದಾಗ ದಂಡಿಗೆ ಸೇರಿದವನು, ಅದು ಮುಗಿದು ವರ್ಷವಾದ ಮೇಲೆ ಈಜಿಪ್ಟು ಇಟಲಿ ಎಲ್ಲ ಕಂಡು ಊರಿಗೆ ಬಂದಿದ್ದ. ಮೊನ್ನೆ ಮಳವಳ್ಳಿಯ ಬಸ್ಸಿನಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ನಡೆದುಕೊಂಡು, ಎಲ್ಲರನ್ನೂ ಒಂದು ಸಲ ನೋಡಿಕೊಂಡು ಹೋಗೋಣ ಅಂತ ಬಂದೆ ಅಂದ. ಎಲ್ಲರನ್ನೂ ಅಂತೆ. ಬೆಸಗರಹಳ್ಳಿಯಲ್ಲಿ ಅವನಿಗೆ ಇನ್ನ್ಯಾರಿದ್ದರು? ಮುದ್ದೆ ಮುರಿಯುತ್ತ ಮುರಿಯುತ್ತ ಅಂಕಯ್ಯನೇ ಮಾತು ತೆಗೆದಿದ್ದ, ಪಿರಮಿಡ್ಡು ನೋಡಿದೆಯೇನಪ್ಪ ಎಂದು. ನೋಡಿದೆ ಅಣ್ಣ, ಯಾರೋ ಸುಲ್ತಾನ ಕಟ್ಟಿಸಿದ ಕೋಟೆಯಂತೆ, ನಮ್ಮ ಸುಬೇದಾರ ಹೇಳಿದ, ಎಂದ ಚೌಡಯ್ಯ. ಅಂಕಯ್ಯನಿಗೆ ಒಳಗೊಳಗೇ ಹಬ್ಬ. ಕೋಟೆಯಲ್ಲ ಕಣಪ್ಪ ಗೋರಿ, ಸುಲ್ತಾನರು ಹುಟ್ಟುವುದಕ್ಕೆ ಮೂರು ಸಾವಿರ ವರ್ಷಕ್ಕೂ ಮುಂಚಿನದು ಎಂದು ತಿದ್ದಿ, ರಾಜರ ಹೆಸರುಗಳನ್ನೂ ಹೇಳಿ, ಹೆಂಡತಿಯ ಮುಖ ನೋಡಿದ. ಅವಳು ಚೌಡಯ್ಯನನ್ನು ನೋಡುತ್ತಿದ್ದಳು. ಚೌಡಯ್ಯ ಒಂದಿಷ್ಟೂ ನಾಚದೆ, ಅಂಗೋ, ಇರಬೌದು ಕಣಣ್ಣ, ನಂಗೇನು ಗೊತ್ತು ಎಂದು ನಕ್ಕು, ಸಾರು ಸುರಿದುಕೊಂಡು, ಯಾರಿಗೂ ಅಲ್ಲದ ಹಾಗೆ ಹೇಳಿದ್ದ:

"ಕಲ್ಲು ಬಿಸಿ. ಬೆನ್ನು ಒರಗಿಸ್ಕಂಡು ಕೂತಿದ್ದೆ."

ಅಂಕಯ್ಯನ ಎರಡು ಪುಸ್ತಕದಲ್ಲಿ ಯಾವುದರಲ್ಲೂ ಆ ಕಲ್ಲು ಬಿಸಿಯಾಗಿರಲಿಲ್ಲ. ಅಷ್ಟು ಹೊತ್ತಿಗೆ ಚಲುವಮ್ಮ ಆ ಪ್ರಶ್ನೆ ಕೇಳಿದ್ದು. ಬಾವ, ಸಮುದ್ರದ ಮೇಲೆ ಕತ್ತಲಾದರೆ ಹಡಗನ್ನು ಎಲ್ಲಿ ಕಟ್ಟಿಹಾಕುತ್ತಿದ್ದರು? ಅಂಕಯ್ಯನ ಬಾಯಿಂದ ನಗು ಹೊರಟೇಬಿಟ್ಟಿತು. ಎತ್ತೇನೇ ಅದು, ಗೂಟಕ್ಕೆ ಕಟ್ಟೋಕೆ! ಅವಳ ಮುಖ ಮುದುಡಿತು. ಚೌಡಯ್ಯ ನಗಲಿಲ್ಲ. ನಾನೂ ಮೊದಲನೇ ದಿವಸ ಅದನ್ನೇ ಕೇಳಿದೆ ಕಣಮ್ಮಿ, ಎಂದ. ಕಟ್ಟುವುದಿಲ್ಲ, ರಾತ್ರಿಯೆಲ್ಲ ಹೋಗುತ್ತಲೇ ಇರುತ್ತದೆ, ಮಲಗಿದರೆ ಕೆಳಗೆ ನೀರು ಹೋಗುವುದು ಕಿವಿಗೆ ಕೇಳುತ್ತದೆ, ಮೊದಮೊದಲು ನಿದ್ದೆಯೇ ಬರುವುದಿಲ್ಲ. ಅವಳು ಹೂಂ ಎಂದಳು. ಆ ಹೂಂ ಅನ್ನು ಅಂಕಯ್ಯ ರಾತ್ರಿಯೆಲ್ಲ ಪಕ್ಕೆಯಲ್ಲಿ ಮುಳ್ಳಿಟ್ಟುಕೊಂಡ ಹಾಗೆ ಇಟ್ಟುಕೊಂಡು ಮಲಗಿದ್ದ.

"ಅಂಕಣ್ಣ, ಸಿಪ್ಪೆ ಆಕ್ಲಾ, ಬುಡ್ಲಾ?" ಎಂದು ಮರಿಸಿದ್ದಯ್ಯ ಒಲೆಯ ಬಾಯಿಂದ ಕೂಗಿದ. ಮರಿಸಿದ್ದಯ್ಯ ಉರಿ ಹಾಕುವವನು. ಕೊಪ್ಪರಿಗೆ ಅವನಿಗೆ ಕಾಣುವುದಿಲ್ಲ, ಕೆಳಗೆ ಗುಂಡಿಯಲ್ಲಿ ಕೂತು ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ತುರುಕುತ್ತಿರುತ್ತಾನೆ. ಪಾಕ ನೋಡುವವನು ಸಾಕು ಅನ್ನುವವರೆಗೂ ಹಾಕುವುದು, ಸಾಕು ಅಂದ ಕೂಡಲೇ ನಿಲ್ಲಿಸುವುದು, ಅಷ್ಟೇ ಅವನ ಕೆಲಸ. ಸಾಕು ಅನ್ನುವ ಬಾಯಿ ಅಂಕಯ್ಯನದು. ಹಾಕು ಎಂದ. ಈ ಕೊಪ್ಪರಿಗೆ ಹುಚ್ಚೀರಯ್ಯನ ಕಬ್ಬಿನದು. ಮುದುಕ ಬೆಳಗಿನಿಂದ ಅಲ್ಲೇ ಕೂತಿದ್ದ, ಮಗಳ ಮನೆಯ ಗೃಹಪ್ರವೇಶಕ್ಕೆ ಹೊಸ ಬೆಲ್ಲ ಕಳಿಸಬೇಕು, ಚಿನ್ನದ ಬಣ್ಣ ಬರಬೇಕು ಎಂದು ಮೂರು ಸಲ ಹೇಳಿದ್ದ. ಬರದೆ ಏನು, ಅಂಕಯ್ಯನ ಕೈ ತಪ್ಪಿದ್ದು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ. ನೀರಿನ ಬಟ್ಟಲಿಗೆ ಒಂದು ತೊಟ್ಟು ಪಾಕ ಬಿಟ್ಟು, ಎರಡು ಬೆರಳಲ್ಲಿ ಉರುಳಿಸಿ, ಬಟ್ಟಲಿನ ಅಂಚಿಗೆ ಬಡಿದರೆ ಟಣ್ ಅನ್ನಬೇಕು. ಅದಕ್ಕೆ ಒಂದು ಗಳಿಗೆ ಮುಂಚೆ ಎಳಸು, ಒಂದು ಗಳಿಗೆ ತಡವಾದರೆ ಕರಿ.

ದೃಷ್ಟಿಯಾಗದಿರಲಿ ಎಂದು ಗಾಣದ ಮರಕ್ಕೆ ಹಳೇ ಚಪ್ಪಲಿ, ಎಕ್ಕಡ, ಕಟ್ಟಿದ್ದನ್ನು ಹಿಂದೆ ಅವನೇ ಕಿತ್ತೆಸೆದಿದ್ದ. ಕಣ್ಣು ಬೀಳುವುದು, ದೃಷ್ಟಿ ತಾಗುವುದು, ಇವೆಲ್ಲ ಬುದ್ಧಿ ಬಲಿಯದ ಕಾಲದ ಮಾತು, ಯೂರೋಪಿನಲ್ಲೂ ಇತ್ತು, ಓದು ಬಂದ ಮೇಲೆ ಹೋಯಿತು ಎಂದು ಹುಚ್ಚೀರಯ್ಯನಿಗೇ ತಿಳಿಹೇಳಿದ್ದ. ಮುದುಕನಿಗೆ ಮನಸ್ಸಿರಲಿಲ್ಲ, ಆದರೂ ಓದಿದವನು, ಅವನಿಗೆ ಗೊತ್ತಿರ್ತದೆ ಬುಡು ಎಂದು ಸುಮ್ಮನಾಗಿದ್ದ.

ಚೌಡಯ್ಯ ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಂದ. ಖಾಕಿ ಚಡ್ಡಿ, ಮೇಲೆ ಊರ ಅಂಗಿ. ಆಲೆಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದು, ಹಗೆಯಾದರೂ ಸರಿ. ಹುಚ್ಚೀರಯ್ಯನೇ ಎದ್ದು ಒಂದು ಚೆಂಬು ಕಬ್ಬಿನ ಹಾಲು ಕೊಟ್ಟು, ಬೆಳಗಿನ ಪಾಕದ ಬೆಚ್ಚಗಿನ ಬೆಲ್ಲದ ಉಂಡೆಯನ್ನು ಬಾಳೆ ಎಲೆಯಲ್ಲಿಟ್ಟು ಕೈಗಿತ್ತ. ಕೂತವರೆಲ್ಲ ಅವನ ಕಡೆ ತಿರುಗಿ ಕೂತರು. ಅಂಕಯ್ಯನ ಕಡೆಗೆ ಬೆನ್ನು. ಇಷ್ಟು ಸುಲಭವೇ, ಒಂದು ಜಾಗದಿಂದ ಒಂದು ಜಾಗಕ್ಕೆ ತಿರುಗಿ ಕೂರುವುದು! ಒಬ್ಬ ಇಟಲಿಯವರು ಏನು ಉಣ್ಣುತ್ತಾರೆ ಎಂದು ಕೇಳಿದ. ಎರೆಹುಳದ ಹಾಗೆ ಉದ್ದುದ್ದ ಹಿಟ್ಟಿನ ಎಳೆ ಬೇಯಿಸಿ ತಿನ್ನುತ್ತಾರೆ ಎಂದು ಚೌಡಯ್ಯ ಅಂದರೆ ಗುಂಪೆಲ್ಲ ಗೊಳ್ಳೆಂದಿತು. ರೋಮು ನೋಡಿದೆಯಾ ಎಂದರೆ, ಒಂದು ರಾತ್ರಿ ಲಾರಿಯಲ್ಲಿ ಹಾದುಹೋದೆವು, ಕತ್ತಲು, ಏನೂ ಕಾಣಲಿಲ್ಲ ಎಂದ. ಅಂಕಯ್ಯನಿಗೆ ತಡೆಯಲಾಗಲಿಲ್ಲ. ರೋಮು ಏಳು ಬೆಟ್ಟದ ಮೇಲೆ ಕಟ್ಟಿದ್ದು, ಅಲ್ಲಿ ಮನುಷ್ಯರನ್ನು ಸಿಂಹದ ಎದುರಿಗೆ ಬಿಡುತ್ತಿದ್ದ ದೊಡ್ಡ ಬಯಲುಂಟು ಎಂದು ಕೊಪ್ಪರಿಗೆಯ ಹಿಂದಿನಿಂದ ಗಟ್ಟಿಯಾಗಿ ಹೇಳಿದ. ಗೊತ್ತು ಬುಡಣ್ಣ, ಹೋದ್ ವರ್ಸನೂ ಹೇಳಿದ್ದೆ, ಎಂದು ಒಬ್ಬ ತಿರುಗದೆಯೇ ಅಂದ. ಹುಚ್ಚೀರಯ್ಯ ಬಾಯಲ್ಲಿದ್ದ ಎಲೆ ಅಡಿಕೆ ಸರಿಸಿಕೊಂಡು, ಕೋಶ ಓದಬೇಕು ಇಲ್ಲ ದೇಶ ಸುತ್ತಬೇಕು ಅಂತ ದೊಡ್ಡೋರು ಹೇಳಿದ್ದು ಸುಮ್ಮನೆಯೇ? ನಮ್ಮೂರಿಗೆ ಈಗ ಎರಡೂ ಆದವು ಎಂದ. ಮುದುಕ ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ಅಂಕಯ್ಯ ಜಾಲರಿಯನ್ನು ಕೊಪ್ಪರಿಗೆಯ ಅಂಚಿಗೆ ಬಡಿದ. ಇಷ್ಟು ವರ್ಷ ಕಣ್ಣು ಕೆಡಿಸಿಕೊಂಡು ಓದಿದ್ದು, ಕತ್ತಲಲ್ಲಿ ಲಾರಿಯಲ್ಲಿ ಹಾದುಹೋದವನಿಗೆ ಸಮವೇ? ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಥೂ ಇವರ, ಇವರಿಗೆ ಚರಿತ್ರೆ ಹೇಳಿದ್ದೇ ತಪ್ಪು, ಎರೆಹುಳದ ಕಥೆ ಸಾಕಿತ್ತು.

ಆ ಹೊತ್ತಿಗೆ ಚಲುವಮ್ಮ ತಲೆಯ ಮೇಲೆ ಬುತ್ತಿಯ ಕುಕ್ಕೆ ಇಟ್ಟುಕೊಂಡು ಬದುವಿನ ಮೇಲೆ ಬಂದಳು. ದಿನವೂ ಬರುವವಳು, ಕುಕ್ಕೆ ಇಳಿಸಿ, ಸೆರಗು ಸರಿಮಾಡಿಕೊಂಡು ಹೊರಟುಬಿಡುವವಳು. ಇವತ್ತು ಇಳಿಸಿದವಳು ಹೋಗಲಿಲ್ಲ. ಗಾಣದ ಆಚೆ ಕಬ್ಬಿನ ಹೊರೆಯ ಪಕ್ಕ ನಿಂತಳು. ಹೊಸ ಸೀರೆಯಲ್ಲ, ದಿನದ್ದೇ. ಅದನ್ನು ಮೊದಲು ನೋಡಿಕೊಂಡ ತನ್ನ ಬುದ್ಧಿಗೆ ಅಂಕಯ್ಯನಿಗೇ ಹೇಸಿಕೆಯಾಯಿತು. ಕೊಪ್ಪರಿಗೆಯಲ್ಲಿ ಗುಳ್ಳೆ ದೊಡ್ಡದಾಗುತ್ತಿತ್ತು. ಇನ್ನೇನು ಬಟ್ಟಲು ತೆಗೆದುಕೊಳ್ಳಬೇಕು. ಅವಳು ಗಂಡಸರ ಗುಂಪಿನ ಎದುರಿಗೇ ಬಾಯಿ ತೆಗೆದಳು. ಬಾವ, ಆ ಕಲ್ಲು ಬಿಸಿ ಅಂದೆಯಲ್ಲ, ರಾತ್ರಿಗೂ ಬಿಸಿಯೇ ಇರುತ್ತಿತ್ತಾ?

ಇರುತ್ತಿತ್ತು ಎಂದ ಚೌಡಯ್ಯ. ಅಲ್ಲಿ ರಾತ್ರಿ ಬಲು ಚಳಿ; ಬಿಡುವು ಸಿಕ್ಕಾಗ ನಾಲ್ಕು ಜನ ಹೋಗಿ ಬೆನ್ನು ಕಾಯಿಸಿಕೊಂಡು ಬರುತ್ತಿದ್ದೆವು. ನಮ್ಮ ಮಳವಳ್ಳಿ ಕಡೆಯವನೇ ಚಿಕ್ಕಮಾದು ಅಂತ ಒಬ್ಬನಿದ್ದ. ನಮ್ಮೂರ ಬಾವಿ ಕಟ್ಟೆ ಇದ್ದಂಗೈತೆ ಕಣ್ಲಾ ಅನ್ನುತ್ತ ಆ ಕಲ್ಲಿಗೆ ಕೆನ್ನೆ ಕೊಟ್ಟು ಮಲಗಿಬಿಡುತ್ತಿದ್ದ. ಇಟಲಿಯಲ್ಲಿ ಒಂದು ಹೊಳೆ ದಾಟುವಾಗ ಹೋದ. ಮಣ್ಣು ಮಾಡಿದವನು ನಾನೇ. ಆ ಮಣ್ಣು ಅಗೆದರೆ ತಣ್ಣಗೆ ಕೊರೆಯುತ್ತಿತ್ತು ಕಣಮ್ಮಿ, ಅವನಿಗೆ ಮೊದಲೇ ಚಳಿ ತಡೆಯುತ್ತಿರಲಿಲ್ಲ... ಅಲ್ಲಿಗೆ ಅವನು ನಿಲ್ಲಿಸಿ ಕೈಯಲ್ಲಿದ್ದ ಬೆಲ್ಲದ ಎಲೆಯನ್ನು ಮಡಿಸಿದ, ಬಿಚ್ಚಿದ. ಚಲುವಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅಂಕಯ್ಯ ಹೆಂಡತಿಯ ಕಣ್ಣನ್ನೇ ನೋಡುತ್ತಿದ್ದ. ಲಕ್ಷಗಟ್ಟಲೆ ಜನ ಸತ್ತದ್ದನ್ನು ಇಸವಿ ಸಮೇತ ಹೇಳಿದ್ದೇನೆ, ಒಂದು ಹನಿ ಬಂದಿರಲಿಲ್ಲ. ಯಾವನೋ ಚಿಕ್ಕಮಾದುವಿಗೆ ಬಂತಲ್ಲ. ಅದು ಚಿಕ್ಕಮಾದುವಿಗೋ, ಹೇಳುತ್ತಿರುವವನಿಗೋ? ಅವಳು ಸೆರಗು ಇಳಿಸುವಾಗ ಗಂಡನ ಕಡೆ ನೋಡಿದಳು, ಇಬ್ಬರ ನೋಟವೂ ಕೂಡಿತು, ಅವಳ ನೋಟ ಅಲ್ಲಿಂದ ಕೊಪ್ಪರಿಗೆಗೆ ಇಳಿಯಿತು. ಸೀದ ವಾಸನೆ ಮೂಗಿಗೆ ಬಂದದ್ದು ಆಮೇಲೆ.

ಸಾಕು ಅನ್ನದೆ ಮರಿಸಿದ್ದಯ್ಯ ನಿಲ್ಲಿಸುವವನಲ್ಲ. ಅವನು ಹಾಕುತ್ತಲೇ ಇದ್ದ. ನಾಲ್ಕು ಜನ ಓಡಿಬಂದು ಬಿದಿರ ಗಳು ಕೊಟ್ಟು ಕೊಪ್ಪರಿಗೆ ಎತ್ತುವ ಹೊತ್ತಿಗೆ ಪಾಕ ಕಪ್ಪಗೆ ತಿರುಗಿ ತಳ ಹಿಡಿದಿತ್ತು. ಹುಚ್ಚೀರಯ್ಯ ಬೆರಳದ್ದಿ ನಾಲಿಗೆಗೆ ತಾಗಿಸಿಕೊಂಡು ಉಗಿದ. ಬೈಯಲಿಲ್ಲ, ಅದೇ ದೊಡ್ಡ ಕಷ್ಟ. ಏನಾಯಿತಪ್ಪ ಅಂಕಯ್ಯ, ನಿನ್ನ ಕೈಯಲ್ಲಿ ಹೀಗಾಯಿತಲ್ಲ ಎಂದು ಮುಖ ನೋಡುತ್ತ ನಿಂತ. ಎಲ್ಲರೂ ಈಗ ಅವನ ಕಡೆ ತಿರುಗಿದ್ದರು, ಬೆಳಗಿನಿಂದ ಅವನು ಬಯಸಿದ ಹಾಗೆಯೇ. ನನ್ನ ಗಮನ ಎಲ್ಲೋ ಇತ್ತು, ತಪ್ಪಾಯಿತು ಅಂದಿದ್ದರೆ ಮುಗಿಯುತ್ತಿತ್ತು. ಒಂದು ಕೊಪ್ಪರಿಗೆ ಬೆಲ್ಲ, ತನ್ನ ಕಬ್ಬಿನಿಂದ ಬೇರೆ ಕಾಯಿಸಿ ಕೊಟ್ಟರಾಯಿತು. ಎಲ್ಲಿತ್ತು ಗಮನ ಎಂದು ಯಾರಾದರೂ ಕೇಳಿದ್ದರೆ? ಅಂಕಯ್ಯನ ಬಾಯಿ, ಅವನು ಹೇಳುವುದಕ್ಕೆ ಮುಂಚೆಯೇ ಹೇಳಿತು.

"ನನ್ನ ಕೈ ಯಾವತ್ತಾದ್ರೂ ತಪ್ಪೈತಾ? ಕಣ್ಣು ಬಿತ್ತು ಪಾಕಕ್ಕೆ. ಯಾವ್ಯಾವ ಹೆಣ ಹೂತು ಬಂದ ಕಣ್ಣೋ, ಯಾವ ಸೂತಕನೋ."

ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಬೇರೆ ಯಾರು ಅಂದಿದ್ದರೂ ಚೌಡಯ್ಯನ ಪರವಾಗಿ ಒಂದು ದನಿ ಏಳುತ್ತಿತ್ತೋ ಏನೋ. ಅಂದವನು ಎಕ್ಕಡ ಕಿತ್ತೆಸೆದ ಅಂಕಯ್ಯ. ಅವನೇ ಅಂದ ಮೇಲೆ ಇಲ್ಲದೆ ಅಂದಾನೆಯೇ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರಿಸಿದ್ದಯ್ಯ ಗುಂಡಿಯಿಂದ ತಲೆ ಎತ್ತಿ, ಬೇರೆ ದೇಶದಲ್ಲೂ ಇಂಗೆ ಐತಾ ಅಂಕಣ್ಣ, ದಂಡಿನಿಂದ ಬಂದೋರ ಕಣ್ಣು ತಾಗೋದು, ಎಂದು ಕೇಳಿದ. ನಿಜವಾಗಿ ತಿಳಿಯುವ ಆಸೆಯಿಂದಲೇ ಕೇಳಿದ್ದ. ಅಂಕಯ್ಯ ನೊರೆ ತೆಗೆಯುವ ಜಾಲರಿಯನ್ನು ಒರೆಸುತ್ತ, ಸಾಕ್ಷಾತ್ ರೋಮಿನಲ್ಲೇ ಇತ್ತು ಎಂದ. ಪಡೆ ಯುದ್ಧದಿಂದ ಹಿಂದಿರುಗಿದರೆ ಶುದ್ಧಿ ಮಾಡಿಸುತ್ತಿದ್ದರು, ರಕ್ತ ಕಂಡವರ ಮೈಲಿಗೆ ಊರಿಗೆ ತಟ್ಟಬಾರದು ಅಂತ. ಶುದ್ಧಿಯ ಮಾತು ಓದಿದ್ದು ಹೌದು. ಅದನ್ನು ಹೀಗೆ ಇಲ್ಲಿ ತಂದು ಇಡಬಹುದು ಅನ್ನುವುದು ಇಲ್ಲಿಯವರೆಗೆ ಗೊತ್ತಿರಲಿಲ್ಲ. ಚರಿತ್ರೆಯಲ್ಲಿ ಹುಡುಕಿದರೆ ಎಲ್ಲದಕ್ಕೂ ಒಂದು ಸಾಕ್ಷಿ ಸಿಗುತ್ತದೆ, ಎಂದು ಅವನ ಒಳಗೆ ಯಾರೋ ತಣ್ಣಗೆ ಹೇಳಿದರು.

ಚೌಡಯ್ಯ ಎದ್ದ. ಜಗಳಕ್ಕೆ ಬರುತ್ತಾನೆ ಎಂದು ಅಂಕಯ್ಯ ಕಾಲು ಗಟ್ಟಿಮಾಡಿಕೊಂಡ, ಬಂದಿದ್ದರೆ ಚೆನ್ನಾಗಿತ್ತು. ಅವನು ಬೆಲ್ಲದ ಎಲೆಯನ್ನು ಹುಚ್ಚೀರಯ್ಯನ ಪಕ್ಕದಲ್ಲಿ, ನೆಲದ ಮೇಲೆ, ಬಿಚ್ಚದ ಹಾಗೆ ಮೆಲ್ಲಗೆ ಇಟ್ಟ. ಆಲೆಮನೆಯಲ್ಲಿ ಕೊಟ್ಟ ಬೆಲ್ಲವನ್ನು ಯಾರೂ ಹಿಂದಕ್ಕೆ ಇಟ್ಟದ್ದಿಲ್ಲ, ಇಡುವುದನ್ನು ಯಾರೂ ನೋಡುತ್ತ ಕೂತದ್ದೂ ಇಲ್ಲ. ಮುದುಕನ ಕೈ ಒಂದು ಸಲ ಎಲೆಯ ಕಡೆ ಹೋಗಿ ಹಿಂದೆ ಬಂತು. ಚೌಡಯ್ಯ ತನ್ನ ಎರಡೂ ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡು, ಅವುಗಳನ್ನು ಒಂದು ಗಳಿಗೆ ನೋಡಿಕೊಂಡ.

"ಇರಬೌದು ಕಣಣ್ಣ," ಎಂದ. "ಬತ್ತೀನಿ."

ಅವನು ಅದನ್ನು ನಂಬಿದ್ದ. ಅಂಕಯ್ಯನಿಗೆ ಅದು ಅವನ ಮುಖದಲ್ಲೇ ಕಂಡಿತು. ಪಿರಮಿಡ್ಡು ಗೋರಿ ಎಂದಾಗ ಒಪ್ಪಿಕೊಂಡ ಹಾಗೆಯೇ ಇದನ್ನೂ ಒಪ್ಪಿಕೊಂಡು, ಮದ್ದೂರಿನ ದಾರಿ ಹಿಡಿದು ನಡೆದುಬಿಟ್ಟ. ಮನೆಯಲ್ಲಿದ್ದ ಚೀಲವನ್ನೂ ತೆಗೆದುಕೊಳ್ಳಲಿಲ್ಲ. ಮೈಲಿಗೆ ಹೊತ್ತು ಮನೆಗೆ ಹೇಗೆ ಹೋಗುವುದು ಅಂದುಕೊಂಡನೋ ಏನೋ. ಕೂಗಿ ಕರೆಯಬೇಕು ಅನ್ನಿಸಿತು ಅಂಕಯ್ಯನಿಗೆ. ಆದರೆ ಅಷ್ಟರಲ್ಲಿ ಗುಂಪು ಅವನ ಸುತ್ತ ಸೇರಿ, ಕೊಪ್ಪರಿಗೆ ಉಜ್ಜುತ್ತ, ರೋಮಿನವರು ಶುದ್ಧಿಗೆ ಏನು ಕಡಿಯುತ್ತಿದ್ದರು, ಹಂದಿಯೋ ಕುರಿಯೋ, ಪೂಜೆ ಮಾಡುವವರು ಯಾವ ಜನ, ದಕ್ಷಿಣೆ ಎಷ್ಟು ಎಂದು ಕೇಳತೊಡಗಿತು. ಒಂದೊಂದಕ್ಕೂ ಅವನು ಉತ್ತರ ಹೇಳಿದ. ದನಿ ಚೆನ್ನಾಗಿಯೇ ಬಂತು. ಗಾಣದ ಮರಕ್ಕೆ ಮತ್ತೆ ಒಂದು ಎಕ್ಕಡ ಕಟ್ಟಲು ಹುಚ್ಚೀರಯ್ಯ ಹೇಳಿದಾಗ ಬೇಡ ಅನ್ನಲಿಲ್ಲ. ಚಲುವಮ್ಮ ಯಾವಾಗ ಹೊರಟುಹೋದಳೋ ತಿಳಿಯಲಿಲ್ಲ. ಬುತ್ತಿ ತೆಗೆದು ನೋಡಿದರೆ ಇಬ್ಬರಿಗಾಗುವಷ್ಟು ಮುದ್ದೆ ಇತ್ತು.

ಸಂಜೆ ಮನೆಗೆ ಬಂದಾಗ ಅವಳು ಎಂದಿನ ಹಾಗೆ ಕಾಲಿಗೆ ನೀರು ಕೊಟ್ಟಳು. ಬೈಗುಳ, ಅಳು, ಮೌನ, ಯಾವುದಕ್ಕಾದರೂ ಉತ್ತರ ಹೊಂದಿಸಿಕೊಂಡೇ ಅವನು ದಾರಿಯುದ್ದಕ್ಕೂ ಬಂದಿದ್ದ. ನಿನ್ನ ಬಾವನಿಗೆ ನಾನೇನು ಹೋಗು ಅಂದೆನೇ? ಜನ ಅಂದರು. ಮುದುಕನಿಗೆ ನಷ್ಟವಾಗಿದೆ, ಅವನ ಸಮಾಧಾನಕ್ಕೆ ಏನೋ ಒಂದು ಮಾತು. ಅವಳು ಏನೂ ಕೇಳದೆ ದೀಪ ಹಚ್ಚಿದಳು, ತಟ್ಟೆ ಇಟ್ಟಳು, ಮುದ್ದೆ ಇಟ್ಟಳು, ಬಸ್ಸಾರು ಬಡಿಸಿದಳು. ಹೊಂದಿಸಿಕೊಂಡ ಮಾತೆಲ್ಲ ಹಾಗೇ ಉಳಿಯಿತು. ಅವನು ಮುದ್ದೆಗೆ ಕೈ ಹಾಕಿದ. ಬಡಿಸಿ ಒಳಗೆ ಹೋಗುವವಳು ಇವತ್ತು ಹೋಗದೆ ಎದುರಿಗೆ ಕೂತಳು, ಮೊಣಕಾಲಿನ ಮೇಲೆ ಗಲ್ಲ ಇಟ್ಟುಕೊಂಡು, ನೆನ್ನೆ ಚೌಡಯ್ಯನ ಎದುರಿಗೆ ಕೂತ ಹಾಗೆಯೇ. ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ತಿಳಿದವರನ್ನು ಕೇಳುವ ದನಿಯೇ.

"ನಿಮ್ಮುನ್ನ ಒಂದು ಕೇಳ್ತೀನಿ. ಹಿಂದ್ಕೆ ಆ ರಾಜ್ರು ಎಲ್ಲ, ಸುಳ್ಳು ಹೇಳಿ ಒಬ್ಬರ್ನ ಹಾಳು ಮಾಡ್ಬುಟ್ಟು ಮನೆಗೆ ಬರ್ತಿದ್ರಲ್ಲ, ಅವರ ಎಂಡ್ರಿಗೆ ಅದು ಸುಳ್ಳು ಅಂತ ಗೊತ್ತಿರ್ತಿತ್ತಾ? ಗೊತ್ತಿದ್ರೂ ಉಣ್ಣಾಕಿಕ್ತಿದ್ರಾ?"

ಅಂಕಯ್ಯ ಮುದ್ದೆಯ ತುಂಡನ್ನು ಸಾರಿನಲ್ಲಿ ಹೊರಳಿಸಿದ. ತೆಗೆಯುವುದಕ್ಕೆ ಎದುರಿಗೆ ನೊರೆ ಇರಲಿಲ್ಲ. ರೋಮು, ಫ್ರಾನ್ಸು, ಚೀನ, ಯಾವ ರಾಜನ ಹೆಂಡತಿಯ ಹೆಸರೂ ನೆನಪಿಗೆ ಬರಲಿಲ್ಲ. ಗೊತ್ತಿಲ್ಲ ಅನ್ನೋಣ ಎಂದು ಬಾಯಿ ತೆರೆದ, ಅದೂ ಸುಳ್ಳಾಗುತ್ತಿತ್ತು. ಚಲುವಮ್ಮ ಇನ್ನೊಂದು ಸೌಟು ಸಾರು ಬಿಟ್ಟು, ಉತ್ತರ ಹೇಳುತ್ತಾನೆ ಎಂದು ಅವನ ಮುಖವನ್ನೇ ನೋಡುತ್ತ ಕೂತಳು.